ಯುಎಸ್‌ಬಿ ಸಾಧನ ಗುರುತಿಸುವಿಕೆಯ ದೋಷ ಮತ್ತು ನಿವಾರಣೆ

ಯುಎಸ್‌ಬಿ ಸಾಧನ ಗುರುತಿಸುವಿಕೆಯ ದೋಷ ಎಂದರೆ ಯುಎಸ್‌ಬಿ ಪೋರ್ಟಿಗೆ ಜೋಡಿಸಿದ ಸಾಧನವನ್ನು ಕಂಪ್ಯೂಟರ್ ಪತ್ತೆಹಚ್ಚದಿರುವ, ಪತ್ತೆಹಚ್ಚಿಯೂ ಅದರ ವಿವರ ಪಡೆಯಲಾಗದಿರುವ, ಅಥವಾ ವಿವರ ಪಡೆದ ಮೇಲೂ ಅದನ್ನು ಬಳಕೆಗೆ ಒದಗಿಸದಿರುವ ಸ್ಥಿತಿ. ಪೆನ್‌ಡ್ರೈವ್, ಹೊರ ಹಾರ್ಡ್‌ಡಿಸ್ಕ್, ಪ್ರಿಂಟರ್, ಕೀಲಿಮಣೆ, ಮೌಸ್, ವೆಬ್‌ಕ್ಯಾಮ್, ಬೆರಳಗುರುತು ಓದುವ ಯಂತ್ರ, ಮೊಬೈಲ್ ಫೋನ್ ಹೀಗೆ ಯಾವ ಸಾಧನದಲ್ಲಿಯೂ ಇದು ಕಾಣಿಸಿಕೊಳ್ಳಬಹುದು. ಬಳಸುವವರಿಗೆ ಇವೆಲ್ಲ ‘ಡಿಟೆಕ್ಟ್ ಆಗುತ್ತಿಲ್ಲ’ ಎಂಬ ಒಂದೇ ದೂರು. ಒಳಗೆ ಕೆಟ್ಟಿರುವುದು ಮಾತ್ರ ಪ್ರತಿ ಸಲವೂ ಒಂದೇ ಆಗಿರುವುದಿಲ್ಲ. ಗುರುತಿಸುವಿಕೆ ಹಂತಹಂತವಾಗಿ ನಡೆಯುತ್ತದೆ. ಅದು ಯಾವ ಹಂತದಲ್ಲಿ ನಿಂತಿತೆಂದು ತಿಳಿದರೆ ದೋಷ ಕೇಬಲಿನದೋ ಪೋರ್ಟಿನದೋ, ಸಾಧನದ್ದೋ ತಂತ್ರಾಂಶದ್ದೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ.

ಹಿನ್ನೆಲೆ

1990ರ ದಶಕದ ಮೊದಲರ್ಧದಲ್ಲಿ ಪ್ರಿಂಟರಿಗೆ ಪ್ಯಾರಲಲ್ ಪೋರ್ಟ್, ಮೋಡೆಮ್ಮಿಗೆ ಸೀರಿಯಲ್ ಪೋರ್ಟ್, ಕೀಲಿಮಣೆಗೆ ಇನ್ನೊಂದು ಬಗೆಯದು ಎಂಬಂತೆ ಕಂಪ್ಯೂಟರಿನ ಹಿಂಬದಿಯಲ್ಲಿ ಕೆಲಸಕ್ಕೊಂದು ಕಿಂಡಿ ಇರುತ್ತಿತ್ತು. ಹೊಸ ಸಾಧನ ಸೇರಿಸಬೇಕಾದರೆ ಕಂಪ್ಯೂಟರ್ ಆರಿಸಿ, ಕೆಲವೊಮ್ಮೆ ಪೆಟ್ಟಿಗೆ ಬಿಚ್ಚಿ ಕಾರ್ಡ್ ಕೂರಿಸಿ, ಜಂಪರ್‌ಗಳನ್ನು ಹೊಂದಿಸಿ ಮತ್ತೆ ಚಾಲೂ ಮಾಡಬೇಕಿತ್ತು. ಈ ಗೋಜಲನ್ನು ಕೊನೆಗಾಣಿಸಲು ಕಾಂಪ್ಯಾಕ್, ಡಿಇಸಿ, ಐಬಿಎಂ, ಇಂಟೆಲ್, ಮೈಕ್ರೋಸಾಫ್ಟ್, ಎನ್‌ಇಸಿ ಮತ್ತು ನಾರ್ಟೆಲ್ ಎಂಬ 7 ಕಂಪನಿಗಳು 1994ರಲ್ಲಿ ಒಟ್ಟುಗೂಡಿದವು. ಇಂಟೆಲ್‌ನಲ್ಲಿ ಈ ಕೆಲಸಕ್ಕೆ ಮುಂದಾಳಾಗಿದ್ದವರು ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದ ಅಜಯ್ ಭಟ್. ಯುಎಸ್‌ಬಿ 1.0 ಮಾನಕ 1996ರ ಜನವರಿಯಲ್ಲಿ ಹೊರಬಂತು. 1998ರಲ್ಲಿ 1.1, 2000ದಲ್ಲಿ 2.0, 2008ರಲ್ಲಿ 3.0, 2019ರಲ್ಲಿ ಯುಎಸ್‌ಬಿ 4 ಬಂದವು. ಸೆಕೆಂಡಿಗೆ 12 ಮೆಗಾಬಿಟ್ ಇದ್ದ ವೇಗ 2.0ರಲ್ಲಿ 480 ಮೆಗಾಬಿಟ್, 3.0ರಲ್ಲಿ 5 ಗಿಗಾಬಿಟ್, ಯುಎಸ್‌ಬಿ 4ರಲ್ಲಿ 40 ಗಿಗಾಬಿಟ್ ಮುಟ್ಟಿತು.

ಚಾಲೂ ಇರುವ ಕಂಪ್ಯೂಟರಿಗೇ ಸಾಧನವನ್ನು ಚುಚ್ಚಿ ಕೂಡಲೇ ಬಳಸಬೇಕು ಎಂಬುದು ಯುಎಸ್‌ಬಿಯ ಮೂಲ ಆಶಯ. ಆ ಆಶಯ ಕೈಗೂಡಲು ಕಾಲ ಹಿಡಿಯಿತು. 1998ರ ಏಪ್ರಿಲ್‌ನಲ್ಲಿ ಷಿಕಾಗೋದ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ, ವೇದಿಕೆಯ ಮೇಲೆ ಬಿಲ್ ಗೇಟ್ಸ್ ಇದ್ದಾಗಲೇ, ಸ್ಕ್ಯಾನರ್ ಜೋಡಿಸಿದ ವಿಂಡೋಸ್ 98 ಕಂಪ್ಯೂಟರ್ ನೀಲಿ ಪರದೆ ತೋರಿಸಿ ನಿಂತುಹೋಯಿತು. ಮೊದಲ ಪೆನ್‌ಡ್ರೈವ್‌ಗಳು 2000ದ ಸುಮಾರಿಗೆ ಮಾರುಕಟ್ಟೆಗೆ ಬಂದಾಗ ವಿಂಡೋಸ್ 98ರಲ್ಲಿ ಅವುಗಳಿಗೆ ಸಾಮಾನ್ಯ ಡ್ರೈವರ್, ಅಂದರೆ ಸಾಧನವನ್ನು ನಡೆಸುವ ತಂತ್ರಾಂಶ, ಇರಲಿಲ್ಲ. ತಯಾರಕರು ಕೊಟ್ಟ ಡ್ರೈವರನ್ನು ಮೊದಲೇ ಹಾಕಿಕೊಳ್ಳಬೇಕಿತ್ತು. ವಿಂಡೋಸ್ 2000 ಮತ್ತು ಎಂಇ ಆವೃತ್ತಿಗಳಿಂದ ಆ ಡ್ರೈವರ್ ಕಾರ್ಯಾಚರಣ ವ್ಯವಸ್ಥೆಯೊಳಗೇ ಸೇರಿತು.

ಗುರುತಿಸುವಿಕೆಯ ಹಂತಗಳು

ಟೈಪ್-ಎ ಪ್ಲಗ್‌ನ ಮೂಲ ರೂಪದಲ್ಲಿ 4 ಸಂಪರ್ಕಗಳಿವೆ. ಒಂದು 5 ವೋಲ್ಟ್ ವಿದ್ಯುತ್ತಿನದು, ಒಂದು ಗ್ರೌಂಡ್, ಉಳಿದೆರಡು ದತ್ತಾಂಶ ಸಾಗಿಸುವ ಡಿ ಪ್ಲಸ್ ಮತ್ತು ಡಿ ಮೈನಸ್. ಪ್ಲಗ್ ಒಳಹೋಗುವಾಗ ವಿದ್ಯುತ್ ಮೊದಲು ತಲುಪಿ ದತ್ತಾಂಶ ಆಮೇಲೆ ತಲುಪುವಂತೆ ವಿದ್ಯುತ್ತಿನ ಪಿನ್ನುಗಳನ್ನು ಉದ್ದವಾಗಿ ಮಾಡಲಾಗಿದೆ. ಕಂಪ್ಯೂಟರ್ ಎರಡೂ ದತ್ತಾಂಶ ತಂತಿಗಳನ್ನು 15 ಕಿಲೋಓಮ್ ರೋಧಕಗಳ ಮೂಲಕ ಕೆಳಗಿನ ಮಟ್ಟದಲ್ಲಿ ಹಿಡಿದಿರುತ್ತದೆ. ವಿದ್ಯುತ್ ಪಡೆದ ಸಾಧನ ತನ್ನ 1.5 ಕಿಲೋಓಮ್ ರೋಧಕದಿಂದ ಒಂದು ತಂತಿಯನ್ನು ಮೇಲಕ್ಕೆತ್ತುತ್ತದೆ. ಎತ್ತಿದ್ದು ಡಿ ಮೈನಸ್ ಆದರೆ ಸೆಕೆಂಡಿಗೆ 1.5 ಮೆಗಾಬಿಟ್ ವೇಗದ ಸಾಧನ, ಡಿ ಪ್ಲಸ್ ಆದರೆ 12 ಮೆಗಾಬಿಟ್ ವೇಗದ್ದು. 480 ಮೆಗಾಬಿಟ್ ವೇಗದ ಸಾಧನವೂ ಮೊದಲು 12 ಮೆಗಾಬಿಟ್‌ನದೆಂದೇ ಹೇಳಿಕೊಂಡು ಬಂದು ಆಮೇಲೆ ವಿಶೇಷ ಸಂಕೇತ ವಿನಿಮಯದಿಂದ ಮೇಲಿನ ವೇಗಕ್ಕೆ ಏರುತ್ತದೆ. ಯುಎಸ್‌ಬಿ 3.0 ಪ್ಲಗ್‌ನಲ್ಲಿ ಇನ್ನೂ 5 ಸಂಪರ್ಕಗಳು ಸೇರಿ ಒಟ್ಟು 9 ಆಗುತ್ತವೆ. ಹೆಚ್ಚಿನ ವೇಗದ ಮಾತುಕತೆ ಈ ಹೊಸ ತಂತಿಗಳಲ್ಲಿ ನಡೆಯುತ್ತದೆ. ಇಷ್ಟು ಮೊದಲ ಹಂತ. ಇದು ಶುದ್ಧ ವಿದ್ಯುತ್ತಿನ ವ್ಯವಹಾರ, ಡ್ರೈವರಿಗೂ ಇದಕ್ಕೂ ಸಂಬಂಧವಿಲ್ಲ.

ಎರಡನೆಯ ಹಂತಕ್ಕೆ ಎನ್ಯೂಮರೇಷನ್ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ನೋಂದಣಿ ಎನ್ನಲಾಗಿದೆ. ಸಂಪರ್ಕ ಸ್ಥಿರವಾಗಲೆಂದು ಕಂಪ್ಯೂಟರ್ ಕನಿಷ್ಠ 100 ಮಿಲಿಸೆಕೆಂಡ್ ಕಾದು, ಪೋರ್ಟಿಗೆ ರೀಸೆಟ್ ಸಂಕೇತ ಕಳಿಸುತ್ತದೆ. ಆಗ ಸಾಧನದ ವಿಳಾಸ ಸೊನ್ನೆ. ಆ ವಿಳಾಸದಲ್ಲೇ ಅದನ್ನು ಮಾತಾಡಿಸಿ, 1ರಿಂದ 127ರೊಳಗಿನ ಒಂದು ಸಂಖ್ಯೆಯನ್ನು ಹೊಸ ವಿಳಾಸವಾಗಿ ಕೊಡುತ್ತದೆ. ಜೊತೆಗೆ ಡಿಸ್ಕ್ರಿಪ್ಟರ್ ಎಂಬ ವಿವರಪಟ್ಟಿಯನ್ನು ಕೇಳುತ್ತದೆ. ಸಾಧನದ ಮುಖ್ಯ ವಿವರಪಟ್ಟಿ ಬರೇ 18 ಬೈಟ್‌ಗಳದ್ದು. ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ, ಸಾಧನದ ವರ್ಗ ಮುಂತಾದವು ಅದರಲ್ಲಿರುತ್ತವೆ. ಎಷ್ಟು ವಿದ್ಯುತ್ ಬೇಕು, ಯಾವ ಯಾವ ಕೆಲಸ ಮಾಡಬಲ್ಲೆ ಎಂಬ ವಿವರ ಮುಂದಿನ ಪಟ್ಟಿಗಳಲ್ಲಿ ಬರುತ್ತದೆ.

ಮೂರನೆಯ ಹಂತದಲ್ಲಿ ಕಾರ್ಯಾಚರಣ ವ್ಯವಸ್ಥೆ ಈ ಸಂಖ್ಯೆಗಳಿಗೆ ಹೊಂದುವ ಡ್ರೈವರ್ ಹುಡುಕುತ್ತದೆ. ಕೀಲಿಮಣೆ, ಮೌಸ್, ಪೆನ್‌ಡ್ರೈವ್, ಧ್ವನಿ ಸಾಧನ, ವೆಬ್‌ಕ್ಯಾಮ್ ಇವು ಯುಎಸ್‌ಬಿ ಮಾನಕವೇ ವರ್ಗೀಕರಿಸಿದ ಸಾಧನಗಳಾದ್ದರಿಂದ ವರ್ಗಕ್ಕೊಂದು ಸಾಮಾನ್ಯ ಡ್ರೈವರ್ ಸಾಕಾಗುತ್ತದೆ. ವರ್ಗದ ಜಾಗದಲ್ಲಿ ‘ತಯಾರಕರಿಗೆ ಬಿಟ್ಟದ್ದು’ ಎಂಬ ಸಂಕೇತವಿದ್ದರೆ ಆ ತಯಾರಕರ ಡ್ರೈವರೇ ಬೇಕು. ನಾಲ್ಕನೆಯ ಹಂತ ಸಾಧನದ ಬಗೆಗೆ ತಕ್ಕಂತೆ ಬೇರೆ: ಸಂಗ್ರಹ ಸಾಧನವಾದರೆ ಕಡತ ವ್ಯವಸ್ಥೆಯನ್ನು ಓದಿ ಡ್ರೈವ್ ಅಕ್ಷರ ಕೊಡುವುದು, ಪ್ರಿಂಟರಾದರೆ ಮುದ್ರಣದ ಸಾಲಿಗೆ ಸೇರಿಸುವುದು, ಫೋನಾದರೆ ಬಳಕೆದಾರರ ಅನುಮತಿಗೆ ಕಾಯುವುದು.

ಪೋರ್ಟ್, ಕೇಬಲ್ ಮತ್ತು ವಿದ್ಯುತ್ತಿನ ದೋಷಗಳು

ಮೊದಲ ಹಂತದಲ್ಲೇ ನಿಂತ ಸಾಧನದ ಲಕ್ಷಣ ಪೂರ್ಣ ಮೌನ. ಜೋಡಿಸಿದ ಸದ್ದು ಕೇಳುವುದಿಲ್ಲ, ಸಂದೇಶ ಬರುವುದಿಲ್ಲ, ಸಾಧನಗಳ ಪಟ್ಟಿಯಲ್ಲಿ ‘ಅಪರಿಚಿತ’ ಎಂಬ ನಮೂದೂ ಇರುವುದಿಲ್ಲ. ಸಾಧನದ ದೀಪ ಉರಿಯುತ್ತಿದ್ದರೆ ವಿದ್ಯುತ್ ತಲುಪಿದೆ ಎಂದಷ್ಟೇ ತಿಳಿಯಬೇಕು. ದತ್ತಾಂಶದ ತಂತಿಗಳ ಬಗ್ಗೆ ದೀಪ ಏನನ್ನೂ ಹೇಳುವುದಿಲ್ಲ.

ಇಂಥ ಮೌನಕ್ಕೆ ಬಹಳ ಸಲ ಕಾರಣವಾಗುವುದು ಕೇಬಲ್. ಚಾರ್ಜ್ ಮಾಡುವುದಕ್ಕೆಂದೇ ಮಾರುವ ಅಗ್ಗದ ಕೇಬಲ್‌ಗಳಲ್ಲಿ ದತ್ತಾಂಶದ ಎರಡು ತಂತಿಗಳೇ ಇರುವುದಿಲ್ಲ. ಹೊರನೋಟಕ್ಕೆ ಅವು ಪೂರ್ಣ ಕೇಬಲ್‌ನಂತೆಯೇ ಇರುವುದರಿಂದ ಫೋನ್ ಚಾರ್ಜ್ ಆಗುತ್ತದೆ, ಕಡತಗಳು ಮಾತ್ರ ಕಾಣುವುದಿಲ್ಲ. ಯುಎಸ್‌ಬಿ 2.0 ಕೇಬಲ್‌ನ ಗರಿಷ್ಠ ಉದ್ದ 5 ಮೀಟರ್. 3.0ಕ್ಕೆ ಮಾನಕದಲ್ಲಿ ಉದ್ದದ ಮಿತಿ ಬರೆದಿಲ್ಲವಾದರೂ ಸುಮಾರು 3 ಮೀಟರ್ ದಾಟಿದರೆ ಸಂಕೇತ ಕ್ಷೀಣಿಸುತ್ತದೆ. ಪದೇಪದೇ ಮಡಿಸಿ ಒಳಗೇ ತುಂಡಾದ ತಂತಿ, ಬಾಗಿದ ಪಿನ್ನು, ಪೋರ್ಟಿನೊಳಗೆ ಸೇರಿದ ದೂಳು, ಕಿಲುಬು ಇವೂ ಇಲ್ಲಿಯೇ ಬರುತ್ತವೆ. ಮಳೆಗಾಲದ ಕರಾವಳಿ, ಮಲೆನಾಡುಗಳಲ್ಲಿ ಬಹುಕಾಲ ಬಳಸದೆ ಇಟ್ಟ ಪೋರ್ಟಿನ ಸಂಪರ್ಕಗಳು ಮಾಸುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಟೈಪ್-ಎ ಕನೆಕ್ಟರ್ ಕನಿಷ್ಠ 1,500 ಸಲ, ಮೈಕ್ರೋ ಮತ್ತು ಟೈಪ್-ಸಿ ಕನೆಕ್ಟರ್‌ಗಳು 10,000 ಸಲ ಚುಚ್ಚಿ ತೆಗೆದರೂ ಬಾಳಬೇಕೆಂದು ಮಾನಕ ಹೇಳುತ್ತದೆ. ಕಚೇರಿಯ ಒಂದೇ ಪೋರ್ಟಿಗೆ ದಿನವೂ ಹಲವು ಪೆನ್‌ಡ್ರೈವ್ ಹಾಕಿ ತೆಗೆಯುತ್ತಿದ್ದರೆ ಮೊದಲ ಅಂಕಿ ಬೇಗ ಮುಗಿಯುತ್ತದೆ.

ವಿದ್ಯುತ್ ಸಾಲದಿರುವುದು ಇನ್ನೊಂದು ದೊಡ್ಡ ಕಾರಣ. ಯುಎಸ್‌ಬಿ 2.0 ಸಾಧನ ನೋಂದಣಿ ಮುಗಿಯುವವರೆಗೆ 100 ಮಿಲಿಆಂಪಿಯರ್ ಮಾತ್ರ ಎಳೆದುಕೊಳ್ಳಬಹುದು, ಆಮೇಲೆ ಗರಿಷ್ಠ 500. ಯುಎಸ್‌ಬಿ 3.0ರಲ್ಲಿ ಈ ಮಿತಿಗಳು 150 ಮತ್ತು 900. ಹೊರ ಹಾರ್ಡ್‌ಡಿಸ್ಕಿನ ತಟ್ಟೆ ತಿರುಗಲು ಶುರುವಾಗುವ ಕ್ಷಣದಲ್ಲಿ ಬೇಕಾಗುವ ವಿದ್ಯುತ್, ಓಡುವಾಗ ಬೇಕಾಗುವುದಕ್ಕಿಂತ ಹೆಚ್ಚು. ಪೋರ್ಟ್ ಅಷ್ಟನ್ನು ಕೊಡಲಾರದಿದ್ದರೆ ಡಿಸ್ಕ್ ಟಿಕ್ ಟಿಕ್ ಸದ್ದು ಮಾಡುತ್ತ ಶುರುವಾಗಿ ನಿಲ್ಲುವುದನ್ನೇ ಮತ್ತೆ ಮತ್ತೆ ಮಾಡುತ್ತದೆ, ಕಂಪ್ಯೂಟರಿನಲ್ಲಿ ಸಂಪರ್ಕ ಬಂದು ಹೋಗುವ ಸದ್ದು ಕೇಳುತ್ತದೆ. ಅದೇ ಟಿಕ್ ಸದ್ದು ಡಿಸ್ಕೇ ಕೆಟ್ಟಿರುವ ಲಕ್ಷಣವೂ ಆಗಿರಬಹುದಾದ್ದರಿಂದ ಒಂದೆರಡು ಪ್ರಯತ್ನಕ್ಕಿಂತ ಮುಂದುವರಿಯಬಾರದು. ಸ್ವಂತ ಅಡಾಪ್ಟರ್ ಇಲ್ಲದ ಹಬ್ ತನ್ನ ಒಂದೊಂದು ಪೋರ್ಟಿಗೆ ಕೊಡಬಲ್ಲದ್ದು 100 ಮಿಲಿಆಂಪಿಯರ್ ಮಾತ್ರ ಎಂಬುದು ಯುಎಸ್‌ಬಿ 2.0 ನಿಯಮ. ಹಾರ್ಡ್‌ಡಿಸ್ಕನ್ನು ಅಂಥ ಹಬ್ಬಿಗೆ ಜೋಡಿಸುವುದು ದೋಷವನ್ನು ಕೈಯಾರೆ ಬರಮಾಡಿಕೊಂಡಂತೆ. ಡೆಸ್ಕ್‌ಟಾಪ್ ಪೆಟ್ಟಿಗೆಯ ಮುಂಬದಿಯ ಪೋರ್ಟುಗಳು ಒಳಗಿನ ಇನ್ನೊಂದು ಕೇಬಲಿನ ಮೂಲಕ ಮದರ್‌ಬೋರ್ಡಿಗೆ ಸೇರುತ್ತವೆ. ಹಿಂಬದಿಯವು ಮದರ್‌ಬೋರ್ಡಿನ ಮೇಲೇ ಇರುತ್ತವೆ. ಪರೀಕ್ಷೆಗೆ ಯಾವಾಗಲೂ ಹಿಂಬದಿಯ ಪೋರ್ಟೇ ಸರಿ.

ಎಲ್ಲೋ ತಂತಿಗಳು ತಾಗಿ ಪೋರ್ಟಿನಿಂದ ಮಿತಿಮೀರಿ ವಿದ್ಯುತ್ ಹರಿದರೆ ರಕ್ಷಣಾ ವ್ಯವಸ್ಥೆ ಆ ಪೋರ್ಟನ್ನು ಕಡಿದುಹಾಕುತ್ತದೆ. ಕಂಪ್ಯೂಟರ್ ಪೂರ್ತಿ ಆರಿ ಮತ್ತೆ ಚಾಲೂ ಆಗುವವರೆಗೆ ಆ ಪೋರ್ಟಿನಲ್ಲಿ ಯಾವ ಸಾಧನವೂ ಕಾಣದಿರಬಹುದು. ವಿಂಡೋಸ್ 8ರಿಂದ ಬಂದ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯ ಚಾಲೂ ಇರುವಾಗ ‘ಶಟ್ ಡೌನ್’ ಒತ್ತಿದರೆ ವ್ಯವಸ್ಥೆಯ ತಿರುಳು (ಕರ್ನೆಲ್) ಕಡತವೊಂದರಲ್ಲಿ ಉಳಿದು ಮುಂದಿನ ಸಲ ಅಲ್ಲಿಂದಲೇ ಎದ್ದೇಳುತ್ತದೆ. ಆದ್ದರಿಂದ ಡ್ರೈವರಿನ ಗೊಂದಲ ತೊಡೆಯಲು ‘ರೀಸ್ಟಾರ್ಟ್’ ಮಾಡಬೇಕು. ಪೋರ್ಟಿನ ಗೊಂದಲ ತೊಡೆಯಲು ಕಂಪ್ಯೂಟರ್ ಆರಿಸಿ ವಿದ್ಯುತ್ ಪ್ಲಗ್ಗನ್ನೇ ಗೋಡೆಯಿಂದ ತೆಗೆದು ಕೆಲವು ನಿಮಿಷ ಬಿಡಬೇಕು.

ನೋಂದಣಿಯಲ್ಲಿ ನಿಲ್ಲುವ ದೋಷಗಳು

ಯಾವುದೋ ಸಾಧನ ಬಂದಿದೆ ಎಂದು ಕಂಪ್ಯೂಟರಿಗೆ ಗೊತ್ತಾಗಿದೆ, ಯಾರೆಂದು ಕೇಳಿದರೆ ಉತ್ತರವಿಲ್ಲ. ಇದು ಎರಡನೆಯ ಹಂತದ ದೋಷ. ವಿಂಡೋಸ್‌ನಲ್ಲಿ ಇದು ‘ಅನ್‌ನೋನ್ ಯುಎಸ್‌ಬಿ ಡಿವೈಸ್’ ಎಂಬ ನಮೂದಾಗಿ, ಪಕ್ಕದಲ್ಲಿ ವಿವರಪಟ್ಟಿ ಸಿಗಲಿಲ್ಲ ಎಂಬ ಮಾತಿನೊಂದಿಗೆ, 43ನೇ ಸಂಖ್ಯೆಯ ದೋಷವಾಗಿ ಕಾಣುತ್ತದೆ. ಆ ನಮೂದಿನಲ್ಲಿ ತಯಾರಕರ ಸಂಖ್ಯೆಯ ಜಾಗದಲ್ಲಿ 0000 ಇರುವುದನ್ನು ಗಮನಿಸಬೇಕು. ತಯಾರಕರು ಯಾರೆಂದೇ ತಿಳಿಯದಿದ್ದಾಗ ಯಾವ ಡ್ರೈವರ್ ಹಾಕಿದರೂ ಹೊಂದುವುದಿಲ್ಲ. ಅಂತರಜಾಲದಲ್ಲಿ ಡ್ರೈವರ್ ಹುಡುಕುತ್ತ ಕೂರುವುದು, ‘ಡ್ರೈವರ್ ಸರಿಪಡಿಸುವ’ ತಂತ್ರಾಂಶಗಳನ್ನು ಹಾಕಿಕೊಳ್ಳುವುದು ಈ ಹಂತದಲ್ಲಿ ವ್ಯರ್ಥ, ಜೊತೆಗೆ ಅಪಾಯಕರ.

ಇದಕ್ಕೆ ಕಾರಣಗಳು ಹಲವು. ದತ್ತಾಂಶದ ಒಂದು ತಂತಿ ಮಾತ್ರ ಕೂಡಿಕೊಂಡಿರಬಹುದು, ಸಾಧನದ ನಿಯಂತ್ರಕ ಚಿಪ್ ಕೆಟ್ಟಿರಬಹುದು, ಅದರೊಳಗಿನ ಫರ್ಮ್‌ವೇರ್ ಹಾಳಾಗಿರಬಹುದು. ವಿದ್ಯುತ್ ಉಳಿಸಲೆಂದು ನಿದ್ರೆಗೆ ಕಳಿಸಿದ ಸಾಧನ ಸರಿಯಾಗಿ ಏಳದೆ ಇರುವುದೂ ಉಂಟು. ವಿಂಡೋಸ್‌ನ ‘ಸೆಲೆಕ್ಟಿವ್ ಸಸ್ಪೆಂಡ್’ ಮತ್ತು ಲಿನಕ್ಸ್‌ನ ಸ್ವಯಂ ನಿದ್ರೆಯ ವ್ಯವಸ್ಥೆಯನ್ನು ನಿಲ್ಲಿಸಿ ನೋಡುವುದು ಇದಕ್ಕಾಗಿಯೇ. ಯುಎಸ್‌ಬಿ 3.0 ಸಾಧನ ಹೆಚ್ಚಿನ ವೇಗದಲ್ಲಿ ಸೋಲುತ್ತಿದ್ದರೆ ಅದನ್ನು ಬೇಕೆಂದೇ 2.0 ಪೋರ್ಟಿಗೆ ಹಾಕಿ ನೋಡಬಹುದು. ಎರಡೂ ಬೇರೆ ತಂತಿಗಳನ್ನು ಬಳಸುವುದರಿಂದ, 2.0ರಲ್ಲಿ ಕೆಲಸ ಮಾಡಿದ ಸಾಧನದ ಕೊರತೆ 3.0ರ ತಂತಿಗಳಲ್ಲೇ ಇದೆ ಎಂದು ತಿಳಿಯುತ್ತದೆ. 3.0 ಪ್ಲಗ್ಗನ್ನು ತೀರಾ ನಿಧಾನವಾಗಿ ಒಳತಳ್ಳಿದರೆ ಮೊದಲು ತಾಗುವ ಹಳೆಯ ಪಿನ್ನುಗಳ ಮೇಲೇ ನೋಂದಣಿ ಮುಗಿದು ಸಾಧನ 2.0 ವೇಗದಲ್ಲಿ ಉಳಿದುಬಿಡುವುದಿದೆ.

ತಂತಿಯಿಲ್ಲದ ಮೌಸ್, ಕೀಲಿಮಣೆಗಳ ಡಾಂಗಲ್ ನೋಂದಣಿಯಾಗಿದ್ದರೂ ಮೌಸ್ ತಡವರಿಸುವುದಕ್ಕೆ ಕಾರಣ ಬೇರೆ. ಯುಎಸ್‌ಬಿ 3.0 ಪೋರ್ಟ್ ಮತ್ತು ಕೇಬಲ್‌ಗಳು ಹೊಮ್ಮಿಸುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೂ ಹರಡುತ್ತದೆಂದು ಇಂಟೆಲ್ 2012ರಲ್ಲಿ ಪ್ರಕಟಿಸಿದ ತಾಂತ್ರಿಕ ಪತ್ರ ವಿವರಿಸಿದೆ. ಅದೇ ಪಟ್ಟಿಯನ್ನು ಬಳಸುವ ಡಾಂಗಲನ್ನು ಚಿಕ್ಕ ಎಕ್ಸ್‌ಟೆನ್ಷನ್ ಕೇಬಲಿನಿಂದ ದೂರ ಸರಿಸಿದರೆ ಸಾಕು.

ಡ್ರೈವರಿನ ದೋಷಗಳು

ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆ ಸರಿಯಾಗಿ ಕಾಣುತ್ತಿದ್ದು ಹಳದಿ ಗುರುತು ಬಿದ್ದಿದ್ದರೆ ಮೊದಲೆರಡು ಹಂತ ದಾಟಿದಂತೆ. ಸಮಸ್ಯೆ ಸಾಮಾನ್ಯವಾಗಿ ಡ್ರೈವರಿನದು. ವಿಂಡೋಸ್ ‘ಡಿವೈಸ್ ಮ್ಯಾನೇಜರ್’ ಕೊಡುವ ದೋಷಸಂಖ್ಯೆಗಳು ಇಲ್ಲಿ ನಿಜಕ್ಕೂ ನೆರವಿಗೆ ಬರುತ್ತವೆ. 28 ಎಂದರೆ ಡ್ರೈವರ್ ಹಾಕಿಲ್ಲ, 10 ಎಂದರೆ ಡ್ರೈವರ್ ಇದ್ದೂ ಸಾಧನ ಶುರುವಾಗಲಿಲ್ಲ, 22 ಎಂದರೆ ಯಾರೋ ಅದನ್ನು ನಿಷ್ಕ್ರಿಯಗೊಳಿಸಿದ್ದಾರೆ, 52 ಎಂದರೆ ಡ್ರೈವರಿನ ಡಿಜಿಟಲ್ ಸಹಿಯನ್ನು ಪರಿಶೀಲಿಸಲಾಗಲಿಲ್ಲ. ಆ ನಮೂದನ್ನು ಅನ್‌ಇನ್‌ಸ್ಟಾಲ್ ಮಾಡಿ, ಸಾಧನವನ್ನು ತೆಗೆದು, ಹೊಸದಾಗಿ ಹುಡುಕುವ ಆಜ್ಞೆ ಕೊಟ್ಟು ಮತ್ತೆ ಜೋಡಿಸುವುದು ಮೊದಲ ಚಿಕಿತ್ಸೆ. ಫಲಿಸದಿದ್ದರೆ ತಯಾರಕರ ತಾಣದಿಂದಲೇ ಡ್ರೈವರ್ ತರಬೇಕು.

ಕಾರ್ಯಾಚರಣ ವ್ಯವಸ್ಥೆಯ ಕಡೆಯಿಂದಲೇ ತಪ್ಪಾದ ಸಂದರ್ಭಗಳೂ ದಾಖಲಾಗಿವೆ. ವಿಂಡೋಸ್ 7ರ ಇನ್‌ಸ್ಟಾಲ್ ಡಿಸ್ಕಿನಲ್ಲಿ ಯುಎಸ್‌ಬಿ 3.0 ನಿಯಂತ್ರಕದ ಡ್ರೈವರ್ ಇರಲಿಲ್ಲ. 2015ರಲ್ಲಿ ಬಂದ ಇಂಟೆಲ್‌ನ ಸ್ಕೈಲೇಕ್ ಪೀಳಿಗೆಯಲ್ಲಿ ಹಳೆಯ ನಿಯಂತ್ರಕವನ್ನೇ ಕೈಬಿಟ್ಟಿದ್ದರಿಂದ ವಿಂಡೋಸ್ 7 ಹಾಕಲು ಕೂತವರಿಗೆ ಮೊದಲ ಪರದೆಯಲ್ಲೇ ಕೀಲಿಮಣೆ, ಮೌಸ್ ಎರಡೂ ಕೈಕೊಟ್ಟವು. 2018ರ ಫೆಬ್ರುವರಿಯ ವಿಂಡೋಸ್ 10 ಅಪ್‌ಡೇಟ್ ಒಂದರ ನಂತರ ಕೆಲವು ಕಂಪ್ಯೂಟರುಗಳಲ್ಲಿ ಯುಎಸ್‌ಬಿ ಸಾಧನಗಳು ನಿಂತುಹೋಗಿ, ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ಪರಿಹಾರ ಹೊರಡಿಸಿತು. ಎಎಂಡಿ 500 ಸರಣಿಯ ಚಿಪ್‌ಸೆಟ್‌ಗಳಲ್ಲಿ ಯುಎಸ್‌ಬಿ ಸಂಪರ್ಕ ಆಗಾಗ ತಪ್ಪುತ್ತಿದ್ದುದನ್ನು ಕಂಪನಿ 2021ರಲ್ಲಿ ಒಪ್ಪಿ ಮದರ್‌ಬೋರ್ಡಿನ ಬಯಾಸ್ ಅಪ್‌ಡೇಟ್ ಮೂಲಕ ಸರಿಪಡಿಸಿತು. ಹೀಗಾಗಿ, ಎಲ್ಲ ಪೋರ್ಟುಗಳಲ್ಲೂ ಒಟ್ಟಿಗೆ ದೋಷ ಶುರುವಾಗಿದ್ದರೆ ಇತ್ತೀಚೆಗೆ ಯಾವ ಅಪ್‌ಡೇಟ್ ಬಂತೆಂದು ನೋಡಬೇಕು.

ಆರ್ಡುವಿನೋ ಮಾದರಿಯ ಬೋರ್ಡುಗಳಲ್ಲಿ, ಸೀರಿಯಲ್ ಕೇಬಲ್‌ಗಳಲ್ಲಿ ಇರುವ ಪರಿವರ್ತಕ ಚಿಪ್‌ಗಳದ್ದು ಪ್ರತ್ಯೇಕ ಕಥೆ. ಎಫ್‌ಟಿಡಿಐ ಕಂಪನಿಯ ಚಿಪ್‌ಗಳ ನಕಲು ಹೆಚ್ಚಾದಾಗ, 2014ರಲ್ಲಿ ಬಂದ ಅದರ ವಿಂಡೋಸ್ ಡ್ರೈವರ್ ನಕಲಿ ಚಿಪ್‌ಗಳ ಉತ್ಪನ್ನ ಸಂಖ್ಯೆಯನ್ನು ಸೊನ್ನೆ ಮಾಡಿಬಿಡುತ್ತಿತ್ತು. ಆಮೇಲೆ ಆ ಸಾಧನ ಬೇರೆ ಕಂಪ್ಯೂಟರಿನಲ್ಲೂ ಎಂದಿನಂತೆ ಕೆಲಸ ಮಾಡುತ್ತಿರಲಿಲ್ಲ. ತಾವು ಕೊಂಡದ್ದು ನಕಲಿಯೆಂದು ತಿಳಿಯದ ಬಳಕೆದಾರರೇ ಇದರಲ್ಲಿ ನಷ್ಟ ಅನುಭವಿಸಿದ್ದರಿಂದ ಟೀಕೆ ಬಲವಾಗಿ, ಆ ಡ್ರೈವರನ್ನು ಹಿಂತೆಗೆದುಕೊಳ್ಳಲಾಯಿತು. ಅಗ್ಗದ ಬೋರ್ಡುಗಳಲ್ಲಿ ಸಾಮಾನ್ಯವಾಗಿರುವ ಸಿಎಚ್340 ಚಿಪ್ಪಿಗೆ ಹಳೆಯ ವಿಂಡೋಸ್‌ನಲ್ಲಿ ಪ್ರತ್ಯೇಕ ಡ್ರೈವರ್ ಹಾಕಬೇಕಾಗುತ್ತದೆ.

ಸಂಗ್ರಹ ಸಾಧನಗಳು

ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್ ಮೊದಲ ಮೂರು ಹಂತ ದಾಟಿಯೂ ‘ದಿಸ್ ಪಿಸಿ’ಯಲ್ಲಿ ಕಾಣದಿದ್ದರೆ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಬೇಕು. ಅಲ್ಲಿ ಡಿಸ್ಕ್ ಇದ್ದು ಅಕ್ಷರ ಇಲ್ಲದಿದ್ದರೆ, ನೆಟ್‌ವರ್ಕ್ ಡ್ರೈವ್ ಒಂದಕ್ಕೆ ಅದೇ ಅಕ್ಷರ ಸಿಕ್ಕಿರಬಹುದು. ಬೇರೆ ಅಕ್ಷರ ಕೊಟ್ಟರೆ ಸಾಧನ ಕಾಣುತ್ತದೆ. ‘ನೋ ಮೀಡಿಯಾ’ ಎಂದಿದ್ದರೆ ಅಥವಾ ಗಾತ್ರ 0 ಬೈಟ್ ಎಂದಿದ್ದರೆ ನಿಯಂತ್ರಕ ಚಿಪ್ ಬದುಕಿದೆ, ಅದರ ಹಿಂದಿನ ಫ್ಲ್ಯಾಶ್ ಚಿಪ್ ಕೈಗೆ ಸಿಗುತ್ತಿಲ್ಲ. ಮನೆಯಲ್ಲಿ ಇದಕ್ಕೆ ಪರಿಹಾರವಿಲ್ಲ. ಲಿನಕ್ಸ್‌ನ ಎಕ್ಸ್‌ಟಿ4 ಅಥವಾ ಆ್ಯಪಲ್‌ನ ಎಪಿಎಫ್‌ಎಸ್ ಕಡತ ವ್ಯವಸ್ಥೆಯುಳ್ಳ ಡಿಸ್ಕನ್ನು ವಿಂಡೋಸ್ ತಾನಾಗಿ ಓದುವುದಿಲ್ಲ. ಆಗ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಸಂದೇಶ ಬರುತ್ತದೆ.

ಈ ಸಂದೇಶಕ್ಕೆ ಒಪ್ಪಿಗೆ ಕೊಟ್ಟು ದತ್ತಾಂಶ ಕಳೆದುಕೊಂಡವರು ಅನೇಕ. ಒಳಗಿನ ಕಡತಗಳು ಬೇಕಿದ್ದರೆ ಫಾರ್ಮ್ಯಾಟ್ ಮಾಡಬಾರದು, ಕಡತ ವ್ಯವಸ್ಥೆಯನ್ನು ದುರಸ್ತಿ ಮಾಡುವ ಆಜ್ಞೆಯನ್ನೂ ಮೊದಲೇ ಓಡಿಸಬಾರದು, ಯಾಕೆಂದರೆ ಎರಡೂ ಡಿಸ್ಕಿನ ಮೇಲೆ ಬರೆಯುತ್ತವೆ. ಡಿಸ್ಕ್ ಇನ್ನೂ ನೋಂದಣಿಯಾಗುತ್ತಿದ್ದರೆ ‘ಡಿಡಿರೆಸ್ಕ್ಯೂ’ ಬಗೆಯ ತಂತ್ರಾಂಶದಿಂದ ಅದರ ಪೂರ್ಣ ಪ್ರತಿ ತೆಗೆದು ಆ ಪ್ರತಿಯ ಮೇಲೆ ಕೆಲಸ ಮಾಡುವುದು ಸರಿಯಾದ ಕ್ರಮ. ಹೊರ ಹಾರ್ಡ್‌ಡಿಸ್ಕಿನ ಪೆಟ್ಟಿಗೆ ಒಡೆದು ಡಿಸ್ಕನ್ನು ನೇರ ಕಂಪ್ಯೂಟರಿಗೆ ಜೋಡಿಸುವ ಉಪಾಯ ಎಲ್ಲ ಕಡೆ ನಡೆಯದು. ಕೆಲವು ಮಾದರಿಗಳಲ್ಲಿ ಯುಎಸ್‌ಬಿ ಪೋರ್ಟ್ ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತದೆ. ಇನ್ನು ಕೆಲವುಗಳಲ್ಲಿ ಡಿಸ್ಕಿಗೂ ಯುಎಸ್‌ಬಿಗೂ ನಡುವಿನ ಸೇತುವೆ ಚಿಪ್ ದತ್ತಾಂಶವನ್ನು ಗೂಢಲಿಪಿಯಾಗಿಸಿ ಬರೆದಿರುವುದರಿಂದ ಆ ಚಿಪ್ ಇಲ್ಲದೆ ಓದಲಾಗುವುದಿಲ್ಲ.

ಫೋನ್, ಡಿಜಿಟಲ್ ಸಹಿ ಮತ್ತು ಬೆರಳಗುರುತು ಯಂತ್ರಗಳು

ಆಂಡ್ರಾಯ್ಡ್ ಫೋನ್ ಕಂಪ್ಯೂಟರಿಗೆ ಜೋಡಿಸಿದಾಗ ಮೊದಲಿಗೆ ಚಾರ್ಜ್ ಸ್ಥಿತಿಯಲ್ಲಷ್ಟೇ ಇರುತ್ತದೆ. ಫೋನಿನ ಬೀಗ ತೆಗೆದು, ಮೇಲಿನ ಅಧಿಸೂಚನೆಯಲ್ಲಿ ಕಡತ ವರ್ಗಾವಣೆಯನ್ನು ಆರಿಸಿದ ಮೇಲೆಯೇ ಕಂಪ್ಯೂಟರಿನಲ್ಲಿ ಅದರ ಕಡತಗಳು ಕಾಣುತ್ತವೆ. ಇದು ದೋಷವಲ್ಲ, ರಕ್ಷಣೆಯ ಏರ್ಪಾಡು. ಐಫೋನ್ ‘ಈ ಕಂಪ್ಯೂಟರನ್ನು ನಂಬಬಹುದೇ’ ಎಂದು ಕೇಳುವುದೂ ಇದಕ್ಕಾಗಿಯೇ.

ಭಾರತದಲ್ಲಿ ಲೆಕ್ಕಪರಿಶೋಧಕರು, ಗುತ್ತಿಗೆದಾರರು, ಕಂಪನಿ ನಿರ್ದೇಶಕರು ಬಳಸುವ ಡಿಜಿಟಲ್ ಸಹಿಯ ಟೋಕನ್ ನೋಡಲು ಪೆನ್‌ಡ್ರೈವ್‌ನಂತಿದ್ದರೂ ಪೆನ್‌ಡ್ರೈವ್ ಅಲ್ಲ. ಅದು ಡ್ರೈವ್ ಆಗಿ ಕಾಣಬೇಕೆಂದು ಕಾಯುವುದೇ ತಪ್ಪು. ಇಂಥ ಟೋಕನ್‌ಗಳು ಹೆಚ್ಚಾಗಿ ಸ್ಮಾರ್ಟ್ ಕಾರ್ಡ್ ರೀಡರ್ ಎಂದು ನೋಂದಣಿಯಾಗುತ್ತವೆ; ಟೋಕನ್ ತಯಾರಕರ ತಂತ್ರಾಂಶ ಮತ್ತು ಆಯಾ ಸರ್ಕಾರಿ ಜಾಲತಾಣ ಕೇಳುವ ಸಹಾಯಕ ತಂತ್ರಾಂಶ ಎರಡೂ ಇದ್ದಾಗ ಮಾತ್ರ ಸಹಿ ಸಿಗುತ್ತದೆ. ಆಧಾರ್ ದೃಢೀಕರಣದ ಬೆರಳಗುರುತು ಯಂತ್ರಗಳಿಗೆ ಡ್ರೈವರಿನ ಜೊತೆಗೆ ‘ಆರ್‌ಡಿ ಸರ್ವೀಸ್’ ಎಂಬ ತಂತ್ರಾಂಶ ಬೇಕು. ಯಂತ್ರ ಡಿವೈಸ್ ಮ್ಯಾನೇಜರಿನಲ್ಲಿ ಸರಿಯಾಗಿ ಕಾಣುತ್ತಿದ್ದರೂ ಆ ಸೇವೆ ನಿಂತಿದ್ದರೆ ಜಾಲತಾಣ ‘ಸಾಧನ ಸಿಗಲಿಲ್ಲ’ ಎನ್ನುತ್ತದೆ. ಗ್ರಾಮ ಒನ್ ಮಾದರಿಯ ಸೇವಾ ಕೇಂದ್ರದಲ್ಲಿ ಇದರಿಂದ ಕೆಲಸ ನಿಂತರೆ ತೊಂದರೆಯಾಗುವುದು ದಿನಗೂಲಿ ಬಿಟ್ಟು ಬಂದು ಸಾಲಿನಲ್ಲಿ ನಿಂತವರಿಗೆ. ಆದ್ದರಿಂದ ಕೇಂದ್ರ ನಡೆಸುವವರು ಕೇಬಲ್ ಕಿತ್ತು ಹಾಕುವ ಮೊದಲು ಆ ಸೇವೆ ಓಡುತ್ತಿದೆಯೇ ಎಂದು ನೋಡುವುದನ್ನು ರೂಢಿಸಿಕೊಳ್ಳಬೇಕು.

ಟೈಪ್-ಸಿ

2014ರಲ್ಲಿ ಪ್ರಕಟವಾದ ಟೈಪ್-ಸಿ ಕನೆಕ್ಟರಿನಲ್ಲಿ 24 ಪಿನ್ನುಗಳಿವೆ, ಹೇಗೆ ತಿರುಗಿಸಿ ಹಾಕಿದರೂ ಕೂರುತ್ತದೆ. ಆದರೆ ಇದರ ಪೋರ್ಟ್ ಹಳೆಯ ಟೈಪ್-ಎಯಂತೆ ಸದಾ 5 ವೋಲ್ಟ್ ಹಿಡಿದು ನಿಂತಿರುವುದಿಲ್ಲ. ಎದುರಿಗಿರುವ ಸಾಧನದ ಸಿಸಿ ಎಂಬ ಪಿನ್ನಿನಲ್ಲಿ 5.1 ಕಿಲೋಓಮ್ ರೋಧಕ ಕಂಡಮೇಲೆಯೇ ವಿದ್ಯುತ್ ಬಿಡುತ್ತದೆ. ಆ ರೋಧಕಗಳನ್ನು ಬಿಟ್ಟು ತಯಾರಿಸಿದ ಅಗ್ಗದ ಸಾಧನಗಳು ಎ-ಇಂದ-ಸಿ ಕೇಬಲ್‌ನಲ್ಲಿ ಕೆಲಸ ಮಾಡುತ್ತವೆ, ಎರಡೂ ತುದಿ ಸಿ ಇರುವ ಕೇಬಲ್‌ನಲ್ಲಿ ಸತ್ತಂತಿರುತ್ತವೆ. ಒಳ್ಳೆಯ ಹೆಸರಿನ ಉತ್ಪನ್ನವೂ ಇಲ್ಲಿ ಎಡವಿದೆ: 2019ರ ರಾಸ್‌ಬೆರಿ ಪೈ 4ರ ಮೊದಲ ಆವೃತ್ತಿಯಲ್ಲಿ ಎರಡು ಸಿಸಿ ಪಿನ್ನುಗಳಿಗೆ ಒಂದೇ ರೋಧಕ ಇಟ್ಟಿದ್ದರಿಂದ, ಚಿಪ್ ಅಡಕವಾದ ಕೇಬಲ್‌ಗಳನ್ನು ಹಾಕಿದರೆ ಅದಕ್ಕೆ ವಿದ್ಯುತ್ತೇ ಬರುತ್ತಿರಲಿಲ್ಲ. ಮುಂದಿನ ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದರು. ಟೈಪ್-ಸಿ ಎಂಬುದು ಕನೆಕ್ಟರಿನ ಆಕಾರ ಮಾತ್ರ. ಅದರೊಳಗೆ ಬರೇ 2.0 ವೇಗವೂ ಇರಬಹುದು, 40 ಗಿಗಾಬಿಟ್ ವೇಗವೂ ಇರಬಹುದು; ಪರದೆ ಜೋಡಿಸುವ ಸೌಲಭ್ಯ ಇರಬಹುದು, ಇಲ್ಲದಿರಬಹುದು. ಟೈಪ್-ಸಿ ಮಾನಿಟರ್ ಕಾಣದಿದ್ದರೆ ಪೋರ್ಟಿಗೆ ಆ ಸಾಮರ್ಥ್ಯ ಇದೆಯೇ ಎಂದು ಮೊದಲು ನೋಡಬೇಕು.

ಪತ್ತೆಯ ಕ್ರಮ

ಅದಲುಬದಲು ಮಾಡಿ ನೋಡುವುದೇ ಪತ್ತೆಯ ಬುನಾದಿ, ಮತ್ತು ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಹಬ್ ತೆಗೆದು ನೇರ ಪೋರ್ಟಿಗೆ ಹಾಕಿ, ಆಮೇಲೆ ಬೇರೆ ಪೋರ್ಟ್, ಆಮೇಲೆ ಬೇರೆ ಕೇಬಲ್, ಕೊನೆಗೆ ಬೇರೆ ಕಂಪ್ಯೂಟರ್. ಸಾಧನ ಎಲ್ಲ ಕಡೆಯೂ ಸೋತರೆ ದೋಷ ಅದರದೇ. ಒಂದು ಕಂಪ್ಯೂಟರಿನ ಒಂದೇ ಪೋರ್ಟಿನಲ್ಲಿ ಸೋತರೆ ಪೋರ್ಟಿನದು. ಒಂದು ಕಂಪ್ಯೂಟರಿನ ಎಲ್ಲ ಪೋರ್ಟಿನಲ್ಲೂ ಸೋತು, ಅದೇ ಕಂಪ್ಯೂಟರನ್ನು ಪೆನ್‌ಡ್ರೈವ್‌ನಿಂದ ಲಿನಕ್ಸ್‌ನಲ್ಲಿ ಚಾಲೂ ಮಾಡಿದಾಗ ಕೆಲಸ ಮಾಡಿದರೆ ಯಂತ್ರ ಸರಿಯಿದೆ, ತಂತ್ರಾಂಶ ತಪ್ಪಿದೆ. ಈ ಕೊನೆಯ ಪರೀಕ್ಷೆಗೆ ಖರ್ಚಿಲ್ಲ. ದುರಸ್ತಿ ಅಂಗಡಿಗೆ ಹೋಗುವ ಮೊದಲು ಮಾಡಿ ನೋಡಲು ಯೋಗ್ಯವಾದದ್ದು.

ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಆಜ್ಞೆ ನೋಂದಣಿಯಾದ ಸಾಧನಗಳ ಪಟ್ಟಿ ಕೊಡುತ್ತದೆ. ತಿರುಳಿನ ಸಂದೇಶಗಳ ದಾಖಲೆಯಲ್ಲಿ ಸಾಧನ ಚುಚ್ಚಿದ ಕ್ಷಣದಿಂದ ನಡೆದದ್ದೆಲ್ಲ ಸಾಲುಸಾಲಾಗಿ ಇರುತ್ತದೆ. ಅಲ್ಲಿ ವಿವರಪಟ್ಟಿ ಓದುವಾಗ ದೋಷ −71 ಎಂದಿದ್ದರೆ ಸಂಕೇತ ಕೆಟ್ಟು ಬಂದಿದೆ, −110 ಎಂದಿದ್ದರೆ ಸಾಧನ ಉತ್ತರಿಸದೆ ಗಡುವು ಮೀರಿದೆ. ಎರಡೂ ಕೇಬಲ್, ವಿದ್ಯುತ್ ಅಥವಾ ಚಿಪ್ಪಿನ ಕಡೆ ಬೊಟ್ಟುಮಾಡುತ್ತವೆ. ದೋಷ ಎಲ್ಲಿ ನಿಂತಿತೆಂದು ತಿಳಿಸುವುದರಲ್ಲಿ ವಿಂಡೋಸ್‌ನ ಸಂದೇಶಗಳಿಗಿಂತ ಇವು ಸ್ಪಷ್ಟ. ಮ್ಯಾಕ್‌ನಲ್ಲಿ ‘ಸಿಸ್ಟಂ ಇನ್ಫರ್ಮೇಷನ್’ನ ಯುಎಸ್‌ಬಿ ವಿಭಾಗ ಇದೇ ಬಗೆಯ ಪಟ್ಟಿಯನ್ನು ತೋರಿಸುತ್ತದೆ.

ಭದ್ರತೆಗಾಗಿ ತಡೆದಿರುವುದು

ಬ್ಯಾಂಕ್, ಸರ್ಕಾರಿ ಕಚೇರಿ, ಕಂಪನಿಗಳ ಕಂಪ್ಯೂಟರುಗಳಲ್ಲಿ ಪೆನ್‌ಡ್ರೈವ್ ಕಾಣದಿರುವುದು ಬಹಳ ಸಲ ನಿರ್ವಾಹಕರ ತೀರ್ಮಾನ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಯುಎಸ್‌ಬಿ ಡ್ರೈವ್‌ಗಳ ಮೂಲಕ ಹರಡಿತ್ತು. 2014ರಲ್ಲಿ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ ಎಂಬ ಸಂಶೋಧಕರು, ಪೆನ್‌ಡ್ರೈವ್‌ನ ಫರ್ಮ್‌ವೇರ್ ಬದಲಿಸಿ ಅದು ತನ್ನನ್ನು ಕೀಲಿಮಣೆಯೆಂದು ನೋಂದಾಯಿಸಿಕೊಳ್ಳುವಂತೆ ಮಾಡಬಹುದೆಂದು ತೋರಿಸಿದರು. ಸಾಧನ ಕೊಟ್ಟ ವಿವರಪಟ್ಟಿಯನ್ನು ಕಂಪ್ಯೂಟರ್ ಪ್ರಶ್ನಿಸದೆ ನಂಬುತ್ತದೆ ಎಂಬುದು ಈ ದಾಳಿಯ ಮೂಲ. ಈ ಕಾರಣಕ್ಕೆ ವಿಂಡೋಸ್‌ನಲ್ಲಿ ಸಂಗ್ರಹ ಸಾಧನದ ಡ್ರೈವರನ್ನೇ ರಿಜಿಸ್ಟ್ರಿಯ ಮೂಲಕ ನಿಲ್ಲಿಸಿರುತ್ತಾರೆ, ಲಿನಕ್ಸ್‌ನಲ್ಲಿ ಯುಎಸ್‌ಬಿಗಾರ್ಡ್ ಬಳಸುತ್ತಾರೆ. ಕೀಲಿಮಣೆ, ಮೌಸ್ ಸರಿಯಾಗಿ ಓಡುತ್ತ ಯಾವ ಪೆನ್‌ಡ್ರೈವೂ ಕಾಣದಿರುವುದು ಇಂಥ ತಡೆಯ ಗುರುತು. ಇದನ್ನು ತಾವಾಗಿ ಬದಲಿಸದೆ ನಿರ್ವಾಹಕರನ್ನೇ ಕೇಳಬೇಕು. ಆ್ಯಪಲ್ ಚಿಪ್ಪಿನ ಮ್ಯಾಕ್‌ಬುಕ್‌ಗಳು ಮ್ಯಾಕ್‌ಒಎಸ್ ವೆಂಚುರಾದಿಂದ ಹೊಸ ಸಾಧನಕ್ಕೆ ಅನುಮತಿ ಕೇಳುತ್ತವೆ. ನಿರಾಕರಿಸಿದರೆ ಚಾರ್ಜ್ ಮಾತ್ರ ಆಗುತ್ತದೆ.

ಇಂದಿನ ಸ್ಥಿತಿ

ಸಾಮಾನ್ಯ ವರ್ಗದ ಸಾಧನಗಳಿಗೆ ಡ್ರೈವರ್ ಹುಡುಕುವ ಕಾಲ ಬಹುಮಟ್ಟಿಗೆ ಮುಗಿದಿದೆ. ದೋಷಗಳ ಭಾರ ಈಗ ಕೇಬಲ್‌ಗಳ ಗುಣಮಟ್ಟ, ಟೈಪ್-ಸಿ ಪೋರ್ಟುಗಳ ಸಾಮರ್ಥ್ಯದ ಅಂತರ ಮತ್ತು ಅನುಮತಿಯ ಏರ್ಪಾಡುಗಳ ಕಡೆ ಸರಿದಿದೆ. 3.0, 3.1, 3.2 ಎಂದು ಹೆಸರುಗಳು ಬದಲಾಗಿ ಕೊಳ್ಳುವವರಿಗೆ ಗೊಂದಲವಾದ್ದರಿಂದ, ಯುಎಸ್‌ಬಿ ಮಾನಕವನ್ನು ನೋಡಿಕೊಳ್ಳುವ ಯುಎಸ್‌ಬಿ-ಐಎಫ್ ಸಂಸ್ಥೆ 2022ರಲ್ಲಿ ಆವೃತ್ತಿ ಸಂಖ್ಯೆಯ ಬದಲು ವೇಗವನ್ನೇ ಪೊಟ್ಟಣದ ಮೇಲೆ ಮುದ್ರಿಸಲು ಸೂಚಿಸಿತು. ಅದೇ ವರ್ಷ ಬಂದ ಯುಎಸ್‌ಬಿ 4ರ ಎರಡನೆಯ ಆವೃತ್ತಿ ಸೆಕೆಂಡಿಗೆ 80 ಗಿಗಾಬಿಟ್ ವೇಗ ತಂದಿತು. ಐರೋಪ್ಯ ಒಕ್ಕೂಟದಲ್ಲಿ ಹೊಸ ಫೋನ್, ಟ್ಯಾಬ್ಲೆಟ್ ಮುಂತಾದವುಗಳಿಗೆ ಟೈಪ್-ಸಿ ಚಾರ್ಜಿಂಗ್ ಪೋರ್ಟ್ 2024ರ ಡಿಸೆಂಬರ್ 28ರಿಂದ ಕಡ್ಡಾಯವಾಗಿದೆ. ತಂತ್ರಾಂಶದ ತಪ್ಪುಗಳು ಮಾತ್ರ ಪೂರ್ತಿ ನಿಂತಿಲ್ಲ: 2025ರ ಅಕ್ಟೋಬರಿನ ವಿಂಡೋಸ್ 11 ಅಪ್‌ಡೇಟ್ ಒಂದರಿಂದ ಅದರ ದುರಸ್ತಿ ಪರದೆಯಲ್ಲಿ ಯುಎಸ್‌ಬಿ ಕೀಲಿಮಣೆ ಮತ್ತು ಮೌಸ್ ಕೆಲಸ ಮಾಡದಾದವು, ಅದೇ ತಿಂಗಳಲ್ಲಿ ಮೈಕ್ರೋಸಾಫ್ಟ್ ತುರ್ತು ಪರಿಹಾರ ಬಿಡುಗಡೆ ಮಾಡಿತು.